ಒಂಬತ್ತನೆಯ ಬಾಗಿಲು

ಸವಳಂಗ ರಸ್ತೆಯ ನರ್ಸಿಂಗ್ ಹೋಮು, ನಾಲ್ಕು ಮಹಡಿ,
ಹದಿಮೂರು ಬೆಂಕಿ ಬಾಗಿಲು.
ಒಂದೊಂದೂ ಎಮ್ಮೆಯಷ್ಟು ಭಾರ,
ಒಂದೊಂದರ ಬುಡಕ್ಕೂ ಒಂದೊಂದು ಅಡ್ಡಗಾಲು:
ಇಟ್ಟಿಗೆ ಚೂರು, ಗ್ಲೂಕೋಸ್ ಡಬ್ಬ, ಮುರಿದ ಸ್ಟೂಲಿನ ಕಾಲು.
ಹೆರಿಗೆ ವಾರ್ಡಿಗೆ ಮಾತ್ರ
ಆಯಾ ಗುತ್ಯಮ್ಮನ ಸ್ವಂತ ಗುಂಡುಕಲ್ಲು.

ಫೈರ್ ಆಫೀಸಿನಿಂದ ನೋಟೀಸು:
ಅಡ್ಡ ಕೊಟ್ಟ ಬಾಗಿಲು ಬಾಗಿಲಲ್ಲ, ಗೋಡೆಯ ತೂತು.
ಮುಚ್ಚಿಟ್ಟರೆ ಸ್ಟ್ರೆಚರು ಹೋಗುವುದು ಹೇಗೆ?
ಹಾಗಾಗಿ ನನಗೆ ಫೋನು.
ಟಿವಿಎಸ್ ಮೇಲೆ ಎರಡು ಸುರುಳಿ ಕೆಂಪು ಕೇಬಲ್ ಕಟ್ಟಿಕೊಂಡು ಬಂದೆ.

ಗೋಡೆಗೊಂದು ಅಯಸ್ಕಾಂತ, ಬಾಗಿಲಿಗೊಂದು ಕಬ್ಬಿಣದ ಬಿಲ್ಲೆ.
ಇಪ್ಪತ್ನಾಲ್ಕು ವೋಲ್ಟು ಇರುವಷ್ಟು ಹೊತ್ತು ಕಚ್ಚಿಕೊಂಡಿರುತ್ತವೆ.
ಹೊಗೆ ಕಂಡರೆ ಪ್ಯಾನೆಲ್ಲು ಕರೆಂಟು ಕಡಿಯುತ್ತದೆ,
ತಲೆಮೇಲಿನ ಸ್ಪ್ರಿಂಗು ಬಾಗಿಲನ್ನು ಚೌಕಟ್ಟಿಗೆ ತಂದು ಬಿಡುತ್ತದೆ.

ಮೊದಲ ದಿನ ದುಡುಕಿದೆ.
ಹದಿಮೂರನ್ನೂ ಪ್ಯಾನೆಲ್ಲಿನ ಹೆಗಲಿಗೇ ಹೊರಿಸಹೊರಟೆ.
ಬಾಗಿಲೊಂದಕ್ಕೆ ಅರವತ್ತು ಮಿಲಿಆಂಪು,
ಪ್ಯಾನೆಲ್ಲು ಕೊಡುವುದೇ ಐನೂರು.
ಮಗ್ಗಿ ಬಲ್ಲ ಹುಡುಗನೂ ಮಾಡದ ತಪ್ಪು.
ಎಂಟರ ತನಕ ನಿಂತವು. ಒಂಬತ್ತನೆಯದನ್ನು ಸೇರಿಸಿದ್ದೇ
ಫ್ಯೂಸು ಟಪ್ಪೆಂದಿತು,
ಬಾಗಿಲುಗಳೆಲ್ಲ ದಡಾರ್ ದಡಾರ್,
ಹೆರಿಗೆ ವಾರ್ಡಿನಲ್ಲಿ ನಾಲ್ಕು ಹಸುಗೂಸು ಒಟ್ಟಿಗೆ ಕಿರುಚಿದವು.
ಗುತ್ಯಮ್ಮ ಬಂದು ನನ್ನನ್ನು ನೋಡಿದ ನೋಟ
ಅಳೆಯುವ ಮೀಟರು ನನ್ನ ಚೀಲದಲ್ಲಿರಲಿಲ್ಲ.

ಬೇರೆ ಸಪ್ಲೈ ತಂದೆ, ಎರಡು ಆಂಪಿನದು.
ಪ್ಯಾನೆಲ್ಲಿನ ರಿಲೇ ಈಗ ಬರೀ ಗೇಟು ಕಾಯುವವ,
ಹೊರುವುದಿಲ್ಲ, ಬಿಡು ಎನ್ನುತ್ತದೆ, ಅಷ್ಟೆ.
ಸುರುಳಿಗೊಂದು ಡಯೋಡು ಅಡ್ಡ ಬೆಸೆದೆ,
ಬಿಡುವ ಗಳಿಗೆಯಲ್ಲಿ ಸುರುಳಿ ಒದೆಯುತ್ತದೆ,
ಒದೆತ ರಿಲೇಯ ಹಲ್ಲು ಸುಡುತ್ತದೆ.

ಡಾಕ್ಟರು ಕೇಳಿದರು: ಕರೆಂಟು ಹೋದರೆ?
ಮುಚ್ಚುತ್ತೆ ಸಾರ್.
ಬ್ಯಾಟರಿ ಇದೆಯಲ್ಲ?
ಅದು ಕೂಗೋದಕ್ಕೆ ಸಾರ್, ಹಿಡಿಯೋದಕ್ಕಲ್ಲ.
ಜನರೇಟರು ಏಳಲು ಹನ್ನೆರಡು ಸೆಕೆಂಡು ಬೇಕಲ್ರೀ,
ಅಷ್ಟರಲ್ಲಿ ಮುಚ್ಚಿದ್ದನ್ನ ತೆಗೆಯೋರು ಯಾರು?
ಅಯಸ್ಕಾಂತಕ್ಕೆ ಅಷ್ಟು ದೂರದಿಂದ ಎಳೆಯುವ ತಾಕತ್ತಿಲ್ಲ,
ತಂದು ಕೊಟ್ಟರೆ ಹಿಡಿಯುತ್ತದೆ.
ನಾನು ಬಾಯಿ ತೆರೆಯುವ ಮೊದಲೇ ಗುತ್ಯಮ್ಮ:
ಇನ್ಯಾರು, ನಾನೇ.
ರಾತ್ರಿಗೆ ಎರಡು ಸಲ ಹೋದ್ರೆ ಇಪ್ಪತ್ತಾರು.

ಗುರುವಾರ ಪರೀಕ್ಷೆ.
ಅವಳೇ ಕೊಟ್ಟ ಊದುಬತ್ತಿ ಕಟ್ಟನ್ನು ಡಿಟೆಕ್ಟರಿನ ಮೂಗಿಗೆ ಹಿಡಿದೆ.
ಹಾರ್ನು ಅರಚಿತು. ಬಾಗಿಲು ಬಿದ್ದವು.
ಹನ್ನೆರಡು.
ಒಂಬತ್ತನೆಯದು ತೆರೆದೇ ನಿಂತಿದೆ.
ತಂತಿ ಸತ್ತಿದೆ, ಮೀಟರು ಸೊನ್ನೆ ಎನ್ನುತ್ತಿದೆ, ಆದರೂ ಬಿಟ್ಟಿಲ್ಲ.

ಕಬ್ಬಿಣದಲ್ಲಿ ಉಳಿದುಬಿಡುವ ಸೆಳೆತ ಅದು,
ಐಟಿಐ ಪುಸ್ತಕದಲ್ಲಿ ಅದಕ್ಕೊಂದು ಹೆಸರಿತ್ತು,
ನಾಲಗೆಗೆ ಬರಲಿಲ್ಲ.
ಗುತ್ಯಮ್ಮ ಬಾಗಿಲನ್ನು ಬೆರಳಿಂದ ತಟ್ಟಿದಳು.
ಈ ರೂಮಿನ ಅಜ್ಜಿಯೂ ಹಂಗೇ, ಮೊನ್ನೆ.
ಹೋದ ಮೇಲೂ ನನ್ನ ಸೆರಗು ಬಿಟ್ಟಿರಲಿಲ್ಲ,
ಒಂದೊಂದೇ ಬೆರಳು ಬಿಡಿಸಿದೆ.

ನಾನು ಏನೋ ಹುಡುಕುವವನ ಹಾಗೆ ಚೀಲಕ್ಕೆ ಕೈ ಹಾಕಿದೆ.
ಸಿಸ್ಟರ್ ಫ್ಲಾವಿಯಾ ಗಾಯಕ್ಕೆ ಅಂಟಿಸುವ ಪ್ಲಾಸ್ಟರು ಕತ್ತರಿಸಿ ಕೊಟ್ಟರು.
ಬಿಲ್ಲೆಯ ಮುಖಕ್ಕೆ ಒಂದು ಪಟ್ಟಿ ಅಂಟಿಸಿದೆ.
ಕೂದಲೆಳೆ ದೂರ, ಅಷ್ಟೇ ಸಾಕು.
ಮತ್ತೆ ಊದುಬತ್ತಿ, ಮತ್ತೆ ಹಾರ್ನು. ಹದಿಮೂರು.

ಬಿಲ್ಲಿನಲ್ಲಿ ಪ್ಲಾಸ್ಟರು ಬರೆಯಲಿಲ್ಲ.
ಗುತ್ಯಮ್ಮ ನಲ್ಲಿಯ ಕೆಳಗೆ ಗುಂಡುಕಲ್ಲು ತೊಳೆದು
ಬುತ್ತಿ ಚೀಲಕ್ಕೆ ಹಾಕಿಕೊಂಡಳು,
ಶುಂಠಿ ಜಜ್ಜೋಕಾಗುತ್ತೆ ಬಿಡಿ.

ನಾನು ಇನ್ನೂ ಮೆಟ್ಟಿಲ ಮೇಲಿದ್ದೆ, ಕರೆಂಟು ಹೋಯಿತು.
ಕತ್ತಲಲ್ಲಿ ನಿಂತು ಎಣಿಸಿದೆ,
ಒಂಬತ್ತನೆಯದರ ಸದ್ದು ಬೇರೆಯೇ ಕೇಳಿಸಿದಂತಾಯಿತು.
ಹಿತ್ತಲಲ್ಲಿ ಜನರೇಟರು ಕೆಮ್ಮಿತು,
ಟ್ಯೂಬ್‌ಲೈಟು ಮಿಟುಕಿತು,
ಮೇಲಿನ ಮಹಡಿಯಲ್ಲಿ ಹವಾಯಿ ಚಪ್ಪಲಿ ನಡೆಯತೊಡಗಿತು.
ಒಂದು, ಎಂದಳು.